ತೀರ್ಮಾನ ಮೊದಲು, ದಾಳ ಆಮೇಲೆ

ಪ್ರಶ್ನೆ: ಬೆಳಗಾವಿಯ ಉದ್ಯಮಬಾಗದಲ್ಲಿ, ಲೋಹ ಕರಗಿಸಿ ಮರಳಿನ ಅಚ್ಚಿಗೆ ಹೊಯ್ಯುವ ಫೌಂಡ್ರಿಯೊಂದರಲ್ಲಿ ಹೊಸ ಹುಡುಗರಿಗೆ ತರಬೇತಿ ಕೊಡುತ್ತೇನೆ. ಕಾಸ್ಟಿಂಗ್ (ಎರಕ) ದೋಷಗಳನ್ನು ಕಲಿಸಲು ಹಾವು-ಏಣಿಯ ಪಟವೊಂದನ್ನು ಮಾಡಿದ್ದೇನೆ. ಬ್ಲೋ ಹೋಲ್ (ಒಳಗಿನ ಪೊಳ್ಳು), ಕೋಲ್ಡ್ ಶಟ್ (ಲೋಹ ಬೆಸೆಯದ ಗೆರೆ) ಮುಂತಾದವು ಹಾವುಗಳು. ಒಳ್ಳೆಯ ಅಭ್ಯಾಸಗಳು ಏಣಿಗಳು. ಹುಡುಗರು ಉತ್ಸಾಹದಿಂದ ಆಡುತ್ತಾರೆ, ಪರೀಕ್ಷೆಯಲ್ಲಿ ದೋಷಗಳ ಹೆಸರನ್ನೂ ತಪ್ಪದೆ ಬರೆಯುತ್ತಾರೆ. ಆದರೆ ರಿಜೆಕ್ಷನ್, ಅಂದರೆ ದೋಷವಿದೆಯೆಂದು ತಳ್ಳಿಹಾಕುವ ಮಾಲು, ಮೊದಲಿನಷ್ಟೇ ಇದೆ. ನಾನು ಎಡವಿದ್ದೆಲ್ಲಿ?
– ಓದುಗರೊಬ್ಬರು, ಬೆಳಗಾವಿ

ಉತ್ತರ: ನಿಮ್ಮ ಪಟದ ಮುಂದೆ ಕುಳಿತ ಹುಡುಗ ಮಾಡುವ ಕೆಲಸವೇನು ಎಂಬುದನ್ನು ಒಮ್ಮೆ ಗಮನಿಸಿ. ದಾಳ ಉರುಳಿಸುತ್ತಾನೆ, ಬಿದ್ದಷ್ಟು ಮನೆ ಕಾಯಿ ನಡೆಸುತ್ತಾನೆ, ಹಾವಿನ ಬಾಯಿಗೆ ಸಿಕ್ಕರೆ ಕೆಳಗಿಳಿಯುತ್ತಾನೆ. ಅವನು ತೀರ್ಮಾನಿಸಿದ್ದು ಏನೂ ಇಲ್ಲ. ಬ್ಲೋ ಹೋಲ್ ಬರುವುದು ದೆಸೆ ಕೆಟ್ಟಾಗ ಎಂಬ ಪಾಠವನ್ನು ನಿಮಗರಿವಿಲ್ಲದೆ ಆ ಪಟವೇ ಕಲಿಸುತ್ತಿದೆ. ಹಾವು-ಏಣಿಯ ಮೂಲವಾದ ನಮ್ಮ ಜ್ಞಾನ ಚೌಪಡ್‌ನಲ್ಲಿ ಏಣಿಗಳು ಸದ್ಗುಣಗಳು, ಹಾವುಗಳು ದುರ್ಗುಣಗಳು. ಕರ್ಮಫಲದ ಏರಿಳಿತವನ್ನು ತೋರಿಸುವ ಆ ಪಟಕ್ಕೆ ದಾಳದ ಯಜಮಾನಿಕೆ ಒಪ್ಪುತ್ತಿತ್ತು. ಫೌಂಡ್ರಿಗೆ ಒಪ್ಪುವುದಿಲ್ಲ.

ಹಾಗೆಂದು ದಾಳವನ್ನೇ ಬಿಡಬೇಕಿಲ್ಲ. ಪ್ರಷ್ಯಾದ ಸೇನಾಧಿಕಾರಿ ರೈಸ್‌ವಿಟ್ಸ್ 1824ರಲ್ಲಿ ಪ್ರಕಟಿಸಿದ, ಅಧಿಕಾರಿಗಳ ತರಬೇತಿಗಾಗಿ ಬಳಕೆಯಾದ ಯುದ್ಧದಾಟದಲ್ಲಿಯೂ ದಾಳವಿತ್ತು. ಆದರೆ ಅಲ್ಲಿ ಅಧಿಕಾರಿ ನಕ್ಷೆ ನೋಡಿ ಮೊದಲು ಆದೇಶವನ್ನು ಬರೆದುಕೊಡಬೇಕಿತ್ತು. ಕದನದ ಫಲವನ್ನು ನಿರ್ಣಾಯಕ ಆಮೇಲೆ ದಾಳ ಹಾಕಿ ಲೆಕ್ಕ ಮಾಡುತ್ತಿದ್ದ. ನಿಮ್ಮ ಆಟಕ್ಕೂ ಬೇಕಾದದ್ದು ಈ ಕ್ರಮವೇ.

ನಿಮ್ಮ ಶಾಪಿನಲ್ಲಿ ನಿಜವಾದ ಇಕ್ಕಟ್ಟು ಎಲ್ಲಿದೆ ನೋಡಿ. ಮರಳಿನಲ್ಲಿ ತೇವ ಹೆಚ್ಚಿದ್ದರೆ ಲೋಹ ತಾಗಿದೊಡನೆ ಅದು ಹಬೆಯಾಗಿ, ಹೊರಹೋಗಲು ದಾರಿ ಸಿಗದೆ ಕಾಸ್ಟಿಂಗ್‌ನೊಳಗೆ ಪೊಳ್ಳು ಬಿಡುತ್ತದೆ. ತೇವ ನೋಡೋಣವೆಂದು ತಡಮಾಡಿದರೆ ಹೊಯ್ಯುವ ಪಾತ್ರೆಯಾದ ಲೇಡಲ್‌ನಲ್ಲಿರುವ ಲೋಹ ತಣಿದು, ಎರಡು ಕಡೆಯಿಂದ ಬಂದ ಧಾರೆಗಳು ಬೆಸೆಯದೆ ಕೋಲ್ಡ್ ಶಟ್‌ನ ಗೆರೆ ಉಳಿಯುತ್ತದೆ. ಒಂದನ್ನು ತಪ್ಪಿಸಲು ಹೋದರೆ ಇನ್ನೊಂದು ಕಾದಿರುತ್ತದೆ. ಆಟ ಹುಟ್ಟಬೇಕಾದದ್ದು ಇಲ್ಲಿ.

ಮೂವರ ಗುಂಪಿಗೆ ಹತ್ತು ಹುಣಸೆ ಬೀಜ ಕೊಡಿ. ಒಂದು ಬೀಜವೆಂದರೆ ಒಂದು ನಿಮಿಷ. ಚೀಟಿಯಲ್ಲಿ ಹೀಗಿರಲಿ: ಜುಲೈ ತಿಂಗಳು, ರಾತ್ರಿ ಪಾಳಿ, ಹೊರಗೆ ಜಡಿಮಳೆ, ಮರಳು ಅಂಗೈಗೆ ಅಂಟುತ್ತಿದೆ, ಲೇಡಲ್ ತುಂಬಿ ನಿಂತಿದೆ. ಈಗಲೇ ಹೊಯ್ಯುವುದೋ, ಮೂರು ಬೀಜ ತೆತ್ತು ತೇವ ಪರೀಕ್ಷಿಸುವುದೋ, ಐದು ತೆತ್ತು ಲೋಹವನ್ನು ಕುಲುಮೆಗೆ ಹಿಂದಿರುಗಿಸುವುದೋ ಎಂಬುದನ್ನು ಅವರೇ ಬರೆದುಕೊಡಲಿ. ದಾಳ ಅದರ ನಂತರ: ಪರೀಕ್ಷಿಸದೆ ಹೊಯ್ದವರಿಗೆ ಒಂದರಿಂದ ನಾಲ್ಕರವರೆಗೆ ಏನು ಬಿದ್ದರೂ ದೋಷ, ಪರೀಕ್ಷಿಸಿ ಮರಳು ಸರಿಪಡಿಸಿದವರಿಗೆ ಒಂದು ಬಿದ್ದರೆ ಮಾತ್ರ. ದೋಷ ಬಂದಾಗ ಅದರ ಹೆಸರು ಹೇಳಬೇಡಿ. ಸ್ಕ್ರ್ಯಾಪ್ ರಾಶಿಯಿಂದ ಕೊಯ್ದು ತಂದ ತುಂಡನ್ನು ಕೈಗೆ ಕೊಡಿ, ಪೊಳ್ಳಿನೊಳಗೆ ಬೆರಳಾಡಿಸಲಿ.

ಅರ್ಧ ಗಂಟೆ ಆಡಿಸಿದರೆ ಅಷ್ಟೇ ಹೊತ್ತು ಮಾತಿಗೆ ಮೀಸಲಿಡಿ. ಹೊಯ್ದದ್ದೇಕೆ, ಕೈಗೆ ಅಂಟಿದ ಮರಳನ್ನು ಕಂಡೂ ಸುಮ್ಮನಿದ್ದದ್ದೇಕೆ ಎಂದು ಕೇಳಿ. ಕಲಿಕೆಯ ಬಹುಪಾಲು ಆಗುವುದು ಆ ಮಾತಿನಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಬಹುಮಾನ, ಅಂಕಪಟ್ಟಿಗಳ ಗದ್ದಲ ನನಗೆ ಅಷ್ಟಾಗಿ ಹಿಡಿಸುವುದಿಲ್ಲ. ಫಲವನ್ನು ಅಳೆಯಲು ಬರಹದ ಪರೀಕ್ಷೆಯ ಬದಲು ದೋಷವಾರು ರಿಜೆಕ್ಷನ್ ಪುಸ್ತಕವನ್ನು ನೋಡಿ.

ಹುಡುಗರಿಗೆ ಕೊಡುವ ಮೊದಲು, ಮರಳಿನ ಅಚ್ಚು ಕಟ್ಟುವ ಹಳೆಯ ಮೋಲ್ಡರ್‌ಗಳಿಬ್ಬರನ್ನು ಕೂರಿಸಿ ಆಡಿಸಿ ನೋಡಿ. ‘ನಮ್ಮ ಶಾಪಿನ್ಯಾಗ ಹಿಂಗ ಆಗೂದಿಲ್ರೀ’ ಎಂದು ಅವರು ನಕ್ಕ ಚೀಟಿಯನ್ನು ಅಂದೇ ಹರಿದು, ಏನಾಗುತ್ತದೆಂದು ಅವರ ಬಾಯಿಂದಲೇ ಕೇಳಿ ಬರೆದುಕೊಳ್ಳಿ.