ಏರ್ ಡೆಕ್ಕನ್ ಅಷ್ಟು ಅಗ್ಗಕ್ಕೆ ಟಿಕೆಟ್ ಕೊಟ್ಟಿದ್ದು ಹೇಗೆ, ಮುಳುಗಿದ್ದು ಯಾಕೆ?

ಗೊರೂರಿನ ಕ್ಯಾಪ್ಟನ್ ಗೋಪಿನಾಥ್ ತಮ್ಮ ಅಗ್ಗದ ವಿಮಾನ ಕಂಪನಿ ಏರ್ ಡೆಕ್ಕನ್‌ನ ವಿಮಾನವನ್ನು 2003ರ ಆಗಸ್ಟ್‌ನಲ್ಲಿ ಮೊದಲು ಹಾರಿಸಿದ್ದೇ ಬೆಂಗಳೂರು–ಹುಬ್ಬಳ್ಳಿ ಮಾರ್ಗದಲ್ಲಿ.

ವಿಮಾನ ಎಟಿಆರ್-42, 48 ಸೀಟಿನದು. ಫ್ಯಾನ್ ಇರೋ ವಿಮಾನ ಅಂತ ಜನ ಮೂಗು ಮುರಿದರೂ ಗಂಟೆಯೊಳಗಿನ ಹಾರಾಟಕ್ಕೆ ಜೆಟ್‌ಗಿಂತ ಇಂಧನ ಕಡಿಮೆ ಸಾಕು, ಸಣ್ಣ ರನ್‌ವೇಯಲ್ಲೂ ಇಳಿಯುತ್ತದೆ. ಪುಕ್ಕಟೆ ಊಟ ಇಲ್ಲ, ನೀರಿಗೂ ದುಡ್ಡು. ಒಂದು ರೂಪಾಯಿ ಟಿಕೆಟ್ ಇದ್ದದ್ದು ಕೆಲವೇ ಸೀಟಿಗೆ, ಮೇಲೆ ತೆರಿಗೆ ಬೇರೆ. ಕೊನೆಗೆ ಕೊಂಡವರು ಹೆಚ್ಚು ತೆತ್ತು ಅದನ್ನು ಸರಿದೂಗಿಸಬೇಕಿತ್ತು.

ಎಡವಿದ್ದು ಇಲ್ಲೇ. ಒಂದೇ ವಿಮಾನ ದಿನಕ್ಕೆ ನಾಲ್ಕೈದು ಸುತ್ತು ಹಾರಬೇಕು. ಬೆಳಗಿನದು ತಡವಾದರೆ ಸಂಜೆಯದ್ದೂ ತಡ. ಅಷ್ಟರಲ್ಲಿ ಇಂಧನ ತುಟ್ಟಿಯಾಯಿತು, ಎದುರಾಳಿಗಳೂ ದರ ಇಳಿಸಿದರು. 2007ರಲ್ಲಿ ಕಿಂಗ್‌ಫಿಷರ್ ವಿಮಾನ ಕಂಪನಿ ಡೆಕ್ಕನ್‌ನಲ್ಲಿ ಪಾಲು ಕೊಂಡಿತು. ಆಗ ವಿದೇಶಕ್ಕೆ ಹಾರುವ ಪರವಾನಗಿಗೆ ಐದು ವರ್ಷದ ದೇಶೀ ಅನುಭವ ಬೇಕಿತ್ತು. 2005ರಲ್ಲಿ ಶುರುವಾದ ಕಿಂಗ್‌ಫಿಷರ್‌ಗೆ ಅದು ಇರಲಿಲ್ಲ, ಡೆಕ್ಕನ್‌ಗೆ 2008ಕ್ಕೆ ತುಂಬುತ್ತಿತ್ತು. ನನ್ನ ಲೆಕ್ಕದಲ್ಲಿ ಅಸಲಿ ಬೆಲೆ ಆ ಪರವಾನಗಿಗೆ. ಡೆಕ್ಕನ್ 'ಕಿಂಗ್‌ಫಿಷರ್ ರೆಡ್' ಆಯಿತು. 2012ರಲ್ಲಿ ಕಿಂಗ್‌ಫಿಷರ್ ಹಾರಾಟವೇ ನಿಂತಿತು.