ಕ್ರಿಸ್ ಅಂತ ಬರೆಯಬೇಡ

ತಮ್ಮಾ,

ನಿನ್ನ ಕಾಗದ ಓದಿದೆ. ಜರ್ಮನಿಯ ಕೆಮ್ನಿಟ್ಸ್‌ಗೆ ಬಂದು ಎಂಟು ತಿಂಗಳಾಯಿತು, ಓದಿನ ಜೊತೆಗೇ ಮಾಡುವ ವರ್ಕ್‌ಸ್ಟೂಡೆಂಟ್ ಕೆಲಸಕ್ಕೆ 63 ಅರ್ಜಿ ಹಾಕಿದ್ದಾಯಿತು, ಒಂದು ಸಂದರ್ಶನಕ್ಕೂ ಕರೆ ಬಂದಿಲ್ಲ ಎಂದಿದ್ದೀಯ. ಕೃಷ್ಣಪ್ರಸಾದ ಎಂಬ ಹೆಸರನ್ನು ‘ಕ್ರಿಸ್’ ಮಾಡಿಕೊಳ್ಳಲೇ, ವಿಂಡೋಸ್ 11 ಹಿಡಿಸದ ಲ್ಯಾಪ್‌ಟಾಪ್ ಬಿಟ್ಟು ಹೊಸದು ಕೊಳ್ಳಲೇ, ಅಮ್ಮ ದಿನಾ ಬೈಯುವ ಗೇಮ್ ಹುಚ್ಚನ್ನು ಬಿಟ್ಟೇಬಿಡಲೇ ಎಂದು ಮೂರು ಪ್ರಶ್ನೆ ಕೇಳಿದ್ದೀಯ. ನಡುವೆ ಒಂದು ಸಾಲು ಬರೆದಿದ್ದೀಯಲ್ಲ, ‘ನನ್ನಲ್ಲೇ ಏನೋ ಕೊರತೆ ಇರಬೇಕು ಅಣ್ಣಾ’ ಅಂತ, ಅದನ್ನು ಓದಿದ ರಾತ್ರಿ ನನಗೆ ನಿದ್ದೆ ಹತ್ತಲಿಲ್ಲ. ಅದಕ್ಕೇ ಹೆಸರಿನ ವಿಷಯ ಮೊದಲು, ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಹದಿನಾಲ್ಕು ವರ್ಷದ ಹಿಂದೆ ಮ್ಯೂನಿಕ್‌ಗೆ ಬಂದ ಹೊಸತರಲ್ಲಿ ನಾನೂ ಹೆಸರು ಕತ್ತರಿಸಿದ್ದೆ. ಅಪ್ಪನ ಹೆಸರು, ಊರಿನ ಹೆಸರು ಎಲ್ಲ ತೆಗೆದು, ಇಲ್ಲಿಯವರದ್ದೇ ಅನ್ನಿಸುವಂಥ ಎರಡಕ್ಷರ ಉಳಿಸಿಕೊಂಡೆ. ಮೂರನೆಯ ವಾರ ಒಂದು ಕಂಪನಿಯಿಂದ ಫೋನು ಬಂತು. ನಾನು ಎರಡು ವಾಕ್ಯ ಜರ್ಮನ್ ಮಾತಾಡುವಷ್ಟರಲ್ಲಿ ಆ ಕಡೆಯವರು ‘ಓ, ನೀವು ಇಲ್ಲಿಯವರು ಅಂದುಕೊಂಡಿದ್ದೆ’ ಅಂದರು. ಸಂಜೆಯೊಳಗೆ ಮೇಲ್ ಬಂತು, ಜಾಗ ಭರ್ತಿಯಾಗಿದೆ ಎಂದು. ಅದೇ ಜಾಹೀರಾತು ಇನ್ನೂ ಆರು ವಾರ ಹಾಗೇ ಇತ್ತು. ಯಾರಿಗೂ ಹೇಳಲಿಲ್ಲ; ಊರಿಗೆ ಫೋನ್ ಮಾಡಿದಾಗಲೂ ಹೇಳಲಿಲ್ಲ. ಕೆಲಸ ತಪ್ಪಿದ್ದನ್ನು ಮರೆತೆ, ಅಪ್ಪನ ಹೆಸರನ್ನು ನನ್ನ ಕೈಯಾರೆ ಅಳಿಸಿದ್ದು ಮಾತ್ರ ಬಹಳ ದಿನ ಚುಚ್ಚುತ್ತಿತ್ತು.

ಕೊರತೆಯೆಲ್ಲ ನಿನ್ನದೇ ಅಂದುಕೊಳ್ಳುವ ಮೊದಲು ಇದನ್ನು ಕೇಳು. ಆಸ್ಟ್ರಿಯದ ಲಿಂಜ್ ವಿಶ್ವವಿದ್ಯಾಲಯದ ಅರ್ಥಶಾಸ್ತ್ರಜ್ಞೆ ಡೋರಿಸ್ ವೈಕ್ಸೆಲ್‌ಬೌಮರ್ ಜರ್ಮನಿಯ ಕಂಪನಿಗಳಿಗೆ ಸುಮಾರು 1,500 ಅರ್ಜಿ ಕಳಿಸಿ ನೋಡಿದರು. 2016ರಲ್ಲಿ ಫಲಿತಾಂಶ ಪ್ರಕಟವಾಯಿತು. ಓದು ಅದೇ, ಅನುಭವ ಅದೇ, ಫೋಟೊದಲ್ಲಿದ್ದ ಹೆಣ್ಣುಮಗಳೂ ಅವಳೇ. ಸಾಂಡ್ರಾ ಬೌವರ್ ಎಂದು ಬರೆದಾಗ ನೂರಕ್ಕೆ 18.8 ಅರ್ಜಿಗೆ ಸಂದರ್ಶನದ ಕರೆ ಬಂತು. ಮೆರ್ಯೆಮ್ ಓಜ್‌ಟುರ್ಕ್ ಎಂದಾಗ 13.5ಕ್ಕೆ. ಅದೇ ಮೆರ್ಯೆಮ್ ತಲೆಗೆ ಬಟ್ಟೆ ಸುತ್ತಿಕೊಂಡ ಫೋಟೊ ಹಾಕಿದಾಗ 4.2ಕ್ಕೆ ಇಳಿಯಿತು. ಆ ಕೊನೆಯ ಅಂಕಿ ನೋಡಿದಾಗಲೆಲ್ಲ ನನಗೆ ಹೊಟ್ಟೆ ಸಂಕಟವಾಗುತ್ತದೆ. ನಮಗಿಂತ ಹೆಚ್ಚು ಬಾಗಿಲು ಮುಚ್ಚಿಸಿಕೊಳ್ಳುವವರು ಇಲ್ಲಿದ್ದಾರೆ, ಅದೂ ಎಷ್ಟೋ ಮಂದಿ ಇಲ್ಲೇ ಹುಟ್ಟಿದವರು.

ಹಾಗಂತ ನಿನ್ನ 63 ಅರ್ಜಿಗೂ ಇದೇ ಕಾರಣ ಎಂದು ನಾನು ಹೇಳಲಾರೆ. ನಿನ್ನ ಜರ್ಮನ್ ಇನ್ನೂ ಎ2, ಅಂದರೆ ಕೆಳಗಿನಿಂದ ಎರಡನೆಯ ಮೆಟ್ಟಿಲು. ನೀನು ಕಳಿಸಿದ ಅರ್ಜಿಗಳ ಜೊತೆಗಿನ ಪತ್ರ ನೋಡಿದೆ, ಕಂಪನಿಯ ಹೆಸರು ಬಿಟ್ಟರೆ ಎಲ್ಲಕ್ಕೂ ಒಂದೇ ಮಾತು. ಇವೆರಡು ನಿನ್ನ ಕೈಯಲ್ಲಿರುವುದು, ಸರಿಮಾಡಿಕೊ. ಹೆಸರು ಸರಿಮಾಡುವ ವಸ್ತುವಲ್ಲ.

ಉದ್ದ ಹೆಸರಿಗೆ ಇಲ್ಲಿಯವರದ್ದೇ ಒಂದು ದಾರಿಯಿದೆ. ಜರ್ಮನ್ನರಿಗೂ ಎರಡು ಮೂರು ಹೆಸರಿರುತ್ತವೆ, ಕರೆಯುವ ಹೆಸರಿಗೆ ‘ರೂಫ್‌ನಾಮೆ’ ಅನ್ನುತ್ತಾರೆ. ಪಾಸ್‌ಪೋರ್ಟಿನಲ್ಲಿರುವುದರಲ್ಲಿ ಕರೆಯುವ ಹೆಸರು ಮತ್ತು ಕೊನೆಯ ಹೆಸರನ್ನಷ್ಟೇ ಅರ್ಜಿಯಲ್ಲಿ ಹಾಕಿದರೆ ತಪ್ಪೇನಿಲ್ಲ, ಅದು ನಿನ್ನದೇ ಹೆಸರು. ಕರಾರಿಗೆ ಸಹಿ ಹಾಕುವಾಗ ಮಾತ್ರ ಪಾಸ್‌ಪೋರ್ಟಿನಲ್ಲಿದ್ದಂತೆ ಪೂರ್ತಿ ಬರಲಿ. ಫೋಟೊ ಹಾಕುವುದು ಇಲ್ಲಿ ರೂಢಿ, ಕಡ್ಡಾಯವಲ್ಲ. ನಾನಾಗಿದ್ದರೆ ಹಾಕುತ್ತಿರಲಿಲ್ಲ.

ಕಾನೂನನ್ನೂ ತಿಳಿದಿಟ್ಟುಕೊ. ಸಮಾನ ವರ್ತನೆಯ ಕಾಯಿದೆ ಎಂದು ಒಂದಿದೆ, ಜನ ಅದನ್ನು ‘ಆ ಗೇ ಗೇ’ ಎಂದು ಮೂರಕ್ಷರದಲ್ಲಿ ಕರೆಯುತ್ತಾರೆ, 2006ರಿಂದ ಜಾರಿಯಲ್ಲಿದೆ. ಜನಾಂಗ, ಧರ್ಮ, ಲಿಂಗ, ವಯಸ್ಸು, ಅಂಗವೈಕಲ್ಯ ಇಂಥ ಕಾರಣಕ್ಕೆ ಅರ್ಜಿ ತಳ್ಳುವಂತಿಲ್ಲ. ನೀನು ನಂಬುವಂಥ ಸುಳಿವು ಕೊಟ್ಟರೆ ಸಾಕು, ಭೇದಭಾವ ಮಾಡಿಲ್ಲ ಎಂದು ತೋರಿಸುವ ಹೊರೆ ಕಂಪನಿಯ ಮೇಲೆ ಬೀಳುತ್ತದೆ. ಆದರೆ ತಿರಸ್ಕಾರದ ಪತ್ರ ಕೈಸೇರಿದ ಎರಡು ತಿಂಗಳೊಳಗೆ ನಿನ್ನ ಹಕ್ಕನ್ನು ಬರವಣಿಗೆಯಲ್ಲಿ ಕೇಳಿರಬೇಕು. ನನಗೆ ಈ ಎರಡು ತಿಂಗಳ ಮಾತು ತಿಳಿದದ್ದು ಐದನೆಯ ತಿಂಗಳಲ್ಲಿ. ಅದಕ್ಕೇ ಹೇಳುತ್ತಿದ್ದೇನೆ: ಅರ್ಜಿ ಹಾಕಿದ ದಿನವೇ ಜಾಹೀರಾತಿನ ಚಿತ್ರ ತೆಗೆದಿಡು, ಬಂದ ಮೇಲ್ ಅಳಿಸಬೇಡ, ಫೋನಿನಲ್ಲಿ ಏನಾದರೂ ಅಂದರೆ ಅಂದವರ ಹೆಸರು, ಹೊತ್ತು ಆಗಲೇ ಬರೆದಿಡು. ‘ಜರ್ಮನ್ ಮಾತೃಭಾಷೆಯಾಗಿರಬೇಕು’ ಎಂದು ಬರೆದ ಜಾಹೀರಾತು ಕಂಡರೆ ಅದನ್ನಂತೂ ಬಿಡಬೇಡ. ಭಾಷೆ ಚೆನ್ನಾಗಿ ಬರಬೇಕು ಎಂದು ಕೇಳಬಹುದು, ಹುಟ್ಟಿನಿಂದಲೇ ಬಂದಿರಬೇಕು ಎಂದು ಕೇಳುವುದು ಭೇದಭಾವ ಎಂದು ಇಲ್ಲಿನ ಅತ್ಯುಚ್ಚ ಕಾರ್ಮಿಕ ನ್ಯಾಯಾಲಯ 2017ರಲ್ಲಿ ಹೇಳಿದೆ. ಬರ್ಲಿನ್‌ನಲ್ಲಿರುವ ಕೇಂದ್ರ ಸರ್ಕಾರದ ಭೇದಭಾವ ವಿರೋಧಿ ಕಚೇರಿಗೆ ಬರೆದರೆ ಮೊದಲ ಸಲಹೆಗೆ ದುಡ್ಡಿಲ್ಲ.

ಕಾನೂನು ಎಲ್ಲ ಕಡೆ ಕಾಯುವುದಿಲ್ಲ, ಅದೂ ಗೊತ್ತಿರಲಿ. ಪೂರ್ವ ಜರ್ಮನಿಯಲ್ಲಿ ಹುಟ್ಟಿದ ಒಬ್ಬ ಹೆಂಗಸಿಗೆ ಕಂಪನಿಯೊಂದು ಅರ್ಜಿ ಹಿಂದಿರುಗಿಸಿದಾಗ ಅದರ ಮೇಲೆ ‘ಒಸ್ಸಿ’ (ಪೂರ್ವದವರನ್ನು ಕರೆಯುವ ಆಡುಮಾತು) ಎಂದು ಬರೆದು ಪಕ್ಕಕ್ಕೆ ಕಳೆಯುವ ಚಿಹ್ನೆ ಹಾಕಿತ್ತು. ಪೂರ್ವದವರು ಬೇರೆ ಜನಾಂಗವಲ್ಲ, ಆದ್ದರಿಂದ ಈ ಕಾಯಿದೆ ಹಿಡಿಯುವುದಿಲ್ಲ ಎಂದು ಸ್ಟುಟ್‌ಗಾರ್ಟಿನ ಕಾರ್ಮಿಕ ನ್ಯಾಯಾಲಯ 2010ರಲ್ಲಿ ತೀರ್ಪು ಕೊಟ್ಟಿತು. ನೀನಿರುವ ಕೆಮ್ನಿಟ್ಸ್ ಕೂಡ ಪೂರ್ವದ ಊರೇ. ನಿನ್ನ ಪಕ್ಕದ ಮನೆಯ ಅಜ್ಜನಿಗೂ ಇಂಥದೊಂದು ಕತೆ ಇರಬಹುದು, ಕಾಫಿ ಕುಡಿಯುತ್ತಾ ಕೇಳಿ ನೋಡು.

ಇನ್ನು ಲ್ಯಾಪ್‌ಟಾಪ್. ವಿಂಡೋಸ್ 10ಕ್ಕೆ ಮಾಮೂಲಿ ಬೆಂಬಲ ನಿಂತದ್ದು 2025ರ ಅಕ್ಟೋಬರ್ 14ಕ್ಕೆ. ಯಂತ್ರವೇನೂ ಅವತ್ತು ಕೆಟ್ಟಿಲ್ಲ. ಹೊಸದಕ್ಕೆ ಹಾಕುವ 600 ಯೂರೊ ಜರ್ಮನ್ ಕ್ಲಾಸಿಗೆ ಹಾಕು, ಇದರ ಮೇಲೆ ವಿಂಡೋಸ್ ಬದಲು ಲಿನಕ್ಸ್‌ನ ಒಂದು ಬಗೆಯಾದ ಕುಬುಂಟು ಕೂರಿಸು. ಮೊದಲು ಯುಎಸ್‌ಬಿಯಿಂದ ಓಡಿಸಿ ವೈಫೈ, ಕ್ಯಾಮೆರಾ ಎಲ್ಲ ಕೆಲಸ ಮಾಡುತ್ತವೆಯೇ ನೋಡಿಕೊ. ಪರೀಕ್ಷೆಯ ತಿಂಗಳಲ್ಲಿ ಮಾತ್ರ ಕೈಹಾಕಬೇಡ. ಅಪ್ಪ ಹಳೆಯ ‘ನುಡಿ’ ತಂತ್ರಾಂಶದಲ್ಲಿ ಟೈಪ್ ಮಾಡಿದ ಕಡತಗಳಿವೆ ಎಂದಿದ್ದೆಯಲ್ಲ, ವಿಂಡೋಸ್ ಅಳಿಸುವ ಮುನ್ನವೇ ಅವನ್ನು ಯುನಿಕೋಡ್‌ಗೆ ಬದಲಾಯಿಸಿಡು. ಆ ಫಾಂಟ್ ಇಲ್ಲದ ಕಡೆ ಅಕ್ಷರವೆಲ್ಲ ಕಲಸುಮೇಲೋಗರವಾಗಿ ಕಾಣುತ್ತದೆ. ಕನ್ನಡ ಟೈಪಿಂಗಿಗೆ ತೊಂದರೆಯಿಲ್ಲ, ಲಿನಕ್ಸ್‌ನ ಟೈಪಿಂಗ್ ಸಾಧನವಾದ ಐಬಸ್‌ನಲ್ಲಿ ನುಡಿಯ ಅದೇ ಕೆಜಿಪಿ ಕೀಲಿ ವಿನ್ಯಾಸ ಸಿಗುತ್ತದೆ.

ಕುಬುಂಟು ಅಂದದ್ದಕ್ಕೆ ಒಂದು ಪ್ರೀತಿಯ ಕಾರಣವೂ ಇದೆ. ತೆರೆಯ ಮೇಲೆ ಕಾಣುವ ಅದರ ಮುಖವಾದ ಕೆಡಿಇಯನ್ನು ಮಥಿಯಾಸ್ ಎಟ್ರಿಖ್ ಎಂಬ ವಿದ್ಯಾರ್ಥಿ ಶುರುಮಾಡಿದ್ದು 1996ರಲ್ಲಿ, ಟ್ಯೂಬಿಂಗೆನ್‌ನಲ್ಲಿ. 1894ರಲ್ಲಿ ನಮ್ಮ ಭಾಷೆಗೆ ಆ ದೊಡ್ಡ ನಿಘಂಟು ಕೊಟ್ಟ ಕಿಟೆಲ್ ಕಣ್ಣುಮುಚ್ಚಿದ್ದೂ ಅದೇ ಊರಿನಲ್ಲಿ, 1903ರಲ್ಲಿ. ಕೆಡಿಇಯಲ್ಲಿ ಕನ್ನಡ ಅಕ್ಷರ ಮೂಡುವುದನ್ನು ನೋಡುವಾಗ ಇದು ನೆನಪಾಗಿ ಮನಸ್ಸು ತುಂಬುತ್ತದೆ. ಲಿನಕ್ಸ್ ಗೊತ್ತಿದ್ದರೆ ಇಲ್ಲಿ ಕೆಲಸಕ್ಕೂ ಉಪಯೋಗ. ಶ್ಲೆಸ್ವಿಗ್-ಹೋಲ್‌ಸ್ಟೈನ್ ರಾಜ್ಯ ತನ್ನ ಸುಮಾರು 30,000 ಕಂಪ್ಯೂಟರುಗಳನ್ನು ಲಿನಕ್ಸ್ ಕಡೆ ತರುವುದಾಗಿ 2024ರಲ್ಲಿ ಘೋಷಿಸಿತು. ನಮ್ಮ ಮ್ಯೂನಿಕ್ ನಗರಸಭೆ 15,000ದಷ್ಟು ಯಂತ್ರಗಳನ್ನು ಲಿನಕ್ಸ್‌ಗೆ ಬದಲಾಯಿಸಿ, 2017ರಲ್ಲಿ ಮತ್ತೆ ವಿಂಡೋಸ್‌ಗೆ ಮರಳಲು ನಿರ್ಧರಿಸಿದ್ದು ನನಗೆ ಇವತ್ತಿಗೂ ಬೇಸರ. ನನ್ನ ಮೊದಲ ಕೆಲಸ ಸಿಕ್ಕಿದ್ದು ಲಿನಕ್ಸ್ ಬಳಸುವವರ ತಿಂಗಳ ಕೂಟದಲ್ಲಿ ಪರಿಚಯವಾದ ಒಬ್ಬರಿಂದ, ಅರ್ಜಿಯಿಂದಲ್ಲ. ನನ್ನ ಪೂರ್ತಿ ಹೆಸರನ್ನು ತಪ್ಪಿಲ್ಲದೆ ಹೇಳಲು ಅವರು ನಾಲ್ಕು ಸಲ ಕೇಳಿ ಕಲಿತರು.

ಗೇಮ್ ಬಿಡಬೇಡ. ರಾತ್ರಿ ಹನ್ನೊಂದಕ್ಕೆ ನಿಲ್ಲಿಸು, ದುಡ್ಡು ಹಾಕಿ ಅದೃಷ್ಟದ ಪೆಟ್ಟಿಗೆ ತೆರೆಸುವ ಆಟಗಳ ಹತ್ತಿರ ಹೋಗಬೇಡ, ಅವು ಜೂಜೇ. ನೀನಾಡುವ ವ್ಯಾಲೊರೆಂಟ್ ಲಿನಕ್ಸ್‌ನಲ್ಲಿ ಓಡುವುದಿಲ್ಲ, ಫೋರ್ಟ್‌ನೈಟೂ ಇಲ್ಲ. ಗೇಮ್ ಮಾರುವ ಸ್ಟೀಮ್‌ನವರು ವಿಂಡೋಸ್ ಆಟಗಳನ್ನು ಲಿನಕ್ಸ್‌ನಲ್ಲಿ ಓಡಿಸುವ ಪ್ರೋಟಾನ್ ಅನ್ನು 2018ರಲ್ಲಿ ತಂದ ಮೇಲೆ ಉಳಿದದ್ದು ಬಹುಪಾಲು ಓಡುತ್ತದೆ. ಸ್ಟೀಮ್‌ನಲ್ಲಿ ಭಾಷೆಯನ್ನು ಜರ್ಮನ್‌ಗೆ ತಿರುಗಿಸು. ನಾನು ಭಾಷೆ ಕಲಿತದ್ದು ಅರ್ಧ ಕ್ಲಾಸಿನಲ್ಲಿ, ಅರ್ಧ ಫಾರ್ಮಿಂಗ್ ಸಿಮ್ಯುಲೇಟರ್ ಎಂಬ ಬೇಸಾಯದ ಆಟದಲ್ಲಿ. ಉಳುವುದು, ಬಿತ್ತುವುದು, ಟ್ರ್ಯಾಕ್ಟರಿಗೆ ಡೀಸೆಲ್ ತುಂಬಿಸುವುದು ಎಲ್ಲವನ್ನೂ ಜರ್ಮನ್ ಹುಡುಗರ ಜೊತೆ ಮೈಕಿನಲ್ಲಿ ಮಾತಾಡುತ್ತಾ ಕಲಿತೆ. ಆ ಆಟದಲ್ಲಿ ನನ್ನ ಹೆಸರು ಯಾರಿಗೂ ಉದ್ದವಾಗಲಿಲ್ಲ. 2024ರಲ್ಲಿ ಬಂದ ಹೊಸ ಆವೃತ್ತಿಯಲ್ಲಿ ಭತ್ತದ ಗದ್ದೆ, ಎಮ್ಮೆ ಎರಡೂ ಇವೆ. ಗದ್ದೆಗೆ ನೀರು ಕಟ್ಟುವುದು ಹೇಗೆಂದು ಈಗ ಅವರಿಗೆ ಹೇಳಿಕೊಡುವವನು ನಾನು. ಅಮ್ಮನಿಗೆ ಒಂದು ಸಲ ವೀಡಿಯೊ ಕಾಲ್‌ನಲ್ಲಿ ಆ ಗದ್ದೆ ತೋರಿಸು.

ಶನಿವಾರ ಸಂಜೆ ಎಂಟಕ್ಕೆ ನಮ್ಮ ಆಟ ಶುರು. ಅಷ್ಟರಲ್ಲಿ ನಿನ್ನ ಲೇಬೆನ್ಸ್‌ಲೌಫ್ (ಬಯೋಡೇಟಾ) ಮತ್ತು ಕೊನೆಯ ಹತ್ತು ತಿರಸ್ಕಾರದ ಮೇಲ್‌ಗಳನ್ನು ನನಗೆ ಕಳಿಸು, ಯಾವುದಕ್ಕೆ ಎರಡು ತಿಂಗಳು ಇನ್ನೂ ಮುಗಿದಿಲ್ಲ ನೋಡೋಣ. ಮೈಕ್ ಇರುವ ಹೆಡ್‌ಸೆಟ್ ಹುಡುಕಿಟ್ಟುಕೊ, ಹುಡುಗರಿಗೆ ನಿನ್ನ ಹೆಸರು ಕೃಷ್ಣಪ್ರಸಾದ ಎಂದೇ ಹೇಳಿದ್ದೇನೆ.

ನಿನ್ನ
ಅಣ್ಣ