ಪರದೆಯ ಒಳಗೆ ಮನೆಯವರು ನಿಲ್ಲಬಹುದೇ?

ಪ್ರಶ್ನೆ: ಐಸಿಯುನಲ್ಲಿದ್ದ ನಮ್ಮ ತಂದೆಯವರ ಹೃದಯ ಇದ್ದಕ್ಕಿದ್ದಂತೆ ನಿಂತಿತು. ನರ್ಸ್ ನನ್ನನ್ನು ಹೊರಗೆ ಕಳುಹಿಸಿ ಪರದೆ ಎಳೆದರು. ಮುಕ್ಕಾಲು ಗಂಟೆ ಯಾರೂ ಏನೂ ಹೇಳಲಿಲ್ಲ. ಕರೆದಾಗ ಎಲ್ಲ ಮುಗಿದಿತ್ತು. ನಾನು ಒಳಗಿದ್ದಿದ್ದರೆ ಚಿಕಿತ್ಸೆಗೆ ಅಡ್ಡಿಯಾಗುತ್ತಿತ್ತೇ?
– ಓದುಗರು, ಹಾಸನ

ಉತ್ತರ: ಅಡ್ಡಿಯಾಗುತ್ತಿತ್ತು ಎನ್ನಲು ಆಧಾರ ಕಡಿಮೆ. ಫ್ರಾನ್ಸ್‌ನಲ್ಲಿ 570 ಬಂಧುಗಳನ್ನು ಒಳಗೊಂಡ ಅಧ್ಯಯನವೊಂದು 2013ರಲ್ಲಿ ಪ್ರಕಟವಾಯಿತು. ಮನೆಯಲ್ಲಿ ಹೃದಯ ನಿಂತವರಿಗೆ ಆಂಬುಲೆನ್ಸ್ ತಂಡ ಸಿಪಿಆರ್ (ಎದೆ ಒತ್ತಿ ಜೀವ ಉಳಿಸುವ ತುರ್ತು ಯತ್ನ) ಮಾಡುವಾಗ, ‘ಜೊತೆಗಿರುತ್ತೀರಾ’ ಎಂದು ತಂಡವೇ ಕೇಳಿದ ಮನೆಯವರಲ್ಲಿ ಮೂರು ತಿಂಗಳ ನಂತರ ಮಾನಸಿಕ ಆಘಾತದ ಲಕ್ಷಣಗಳು ಕಡಿಮೆಯಿದ್ದವು. ರೋಗಿ ಬದುಕುಳಿಯುವ ಸಾಧ್ಯತೆಯಲ್ಲಿ ವ್ಯತ್ಯಾಸ ಕಾಣಲಿಲ್ಲ. ಆದರೆ ಮನೆಯ ಪಡಸಾಲೆ ಬೇರೆ, ಐಸಿಯು ಬೇರೆ.

ನಾನೂ ವರ್ಷಗಟ್ಟಲೆ ಪರದೆ ಎಳೆದವಳೇ. ನಿಮಿಷಕ್ಕೆ 100ರಿಂದ 120 ಸಲ, ಐದು ಸೆಂಟಿಮೀಟರ್‌ಗೂ ಆಳಕ್ಕೆ ಎದೆ ಒತ್ತಬೇಕು. ಎರಡು ನಿಮಿಷಕ್ಕೊಮ್ಮೆ ಕೈ ಬದಲಾಗಬೇಕು. ಒತ್ತುವಾಗ ಪಕ್ಕೆಲುಬು ಮುರಿಯುವುದುಂಟು, ಆ ಸದ್ದು ಕೇಳಿಸುತ್ತದೆ. ಸರಿಯಾಗಿ ಮಾಡಿದ ಸಿಪಿಆರ್ ನೋಡುವವರಿಗೆ ಹಲ್ಲೆಯಂತೆಯೇ ಕಾಣುತ್ತದೆ. ‘ನಮ್ಮಪ್ಪನನ್ನು ಸಾಯಿಸಿದಿರಿ’ ಎಂದು ಯಾರಾದರೂ ಮೈಮೇಲೆ ಬಂದರೆ ಎಂಬ ಅಂಜಿಕೆ ನಮ್ಮ ಆಸ್ಪತ್ರೆಗಳಲ್ಲಿ ಸುಳ್ಳಲ್ಲ.

ಒಂದು ರಾತ್ರಿ ಪಾಳಿಯಲ್ಲಿ ಒಬ್ಬ ತಾಯಿ ಹೊರಗೆ ಹೋಗಲು ಒಪ್ಪಲೇ ಇಲ್ಲ. ಮಂಚದ ಕಾಲ ಬಳಿ ನಿಲ್ಲಿಸಿದೆವು. ಗಂಡನ ಪಾದದ ಮೇಲೆ ಸರಿದ ಹೊದಿಕೆಯನ್ನು ಮತ್ತೆ ಮತ್ತೆ ಎಳೆದು ಮುಚ್ಚುತ್ತಿದ್ದರು, ಅಷ್ಟೇ. ಅಂದಿನಿಂದ ನನ್ನ ಅಭಿಪ್ರಾಯ ಬದಲಾಯಿತು.

ಅಮೆರಿಕದ ಮಿಷಿಗನ್‌ನ ಫೂಟ್ ಆಸ್ಪತ್ರೆಯಲ್ಲೂ 1982ರಲ್ಲಿ ಮನೆಯವರನ್ನು ಒಳಗೆ ಬಿಡುವುದು ಶುರುವಾದದ್ದು ಹೊರಗೆ ಹೋಗಲು ಒಪ್ಪದ ಬಂಧುಗಳಿಂದಲೇ. 2003ರಲ್ಲಿ ಪ್ರಕಟವಾದ, ಅಮೆರಿಕದ ನರ್ಸ್‌ಗಳ ಸಮೀಕ್ಷೆಯೊಂದರಲ್ಲಿ, ತಮ್ಮ ವಿಭಾಗದಲ್ಲಿ ಇದಕ್ಕೆ ಲಿಖಿತ ನಿಯಮವಿದೆ ಎಂದ ತೀವ್ರ ನಿಗಾ ಮತ್ತು ತುರ್ತು ಘಟಕದ ನರ್ಸ್‌ಗಳು ಶೇ 5 ಮಾತ್ರ. ನಿಯಮವಿಲ್ಲದೆಯೇ ಮನೆಯವರನ್ನು ಒಳಗೆ ಬಿಡುತ್ತಿದ್ದ ಘಟಕಗಳು ಅದಕ್ಕಿಂತ ಎಷ್ಟೋ ಹೆಚ್ಚು. ಒಮ್ಮೆ ಹಾಗೆ ಕರೆದ ನರ್ಸ್‌ಗಳಿಗೆ ಹಿಂಜರಿಕೆ ಕಡಿಮೆ ಎಂಬುದು ನನ್ನ ಅನುಭವವೂ ಹೌದು.

ಆದರೆ ಮನೆಯವರ ಪಕ್ಕದಲ್ಲೇ ನಿಂತು, ಏನಾಗುತ್ತಿದೆ ಎಂದು ಹೇಳಲು ಒಬ್ಬರು ಬೇಕೇ ಬೇಕು. ಹಾಗೆ ಬಿಡುವಾಗಿ ನಿಲ್ಲಬಲ್ಲವರು ರಾತ್ರಿ ಪಾಳಿಯಲ್ಲಿ ಎಲ್ಲಿ ಸಿಗುತ್ತಾರೆ? ಆದ್ದರಿಂದ ಪರದೆ ಎಳೆದ ನರ್ಸ್ ಅವರನ್ನು ನಾನು ದೂರಲಾರೆ. ಮುಕ್ಕಾಲು ಗಂಟೆ ನಿಮಗೆ ಒಂದು ಮಾತೂ ಹೇಳದಿದ್ದದ್ದು ಮಾತ್ರ ತಪ್ಪು.

ಚಿಕಿತ್ಸೆಯ ದಾಖಲೆಗಳನ್ನು ಲಿಖಿತವಾಗಿ ಕೇಳಿ. ಕೇಳಿದ 72 ಗಂಟೆಗಳೊಳಗೆ ಕೊಡಬೇಕೆಂಬ ನಿಯಮವಿದೆ. ಅದನ್ನು ಹಿಡಿದು ವೈದ್ಯರ ಜೊತೆ ಕೂರಿ. ಅಂದು ಪಾಳಿಯಲ್ಲಿದ್ದ ನರ್ಸ್ ಅವರನ್ನೂ ಕರೆಯಲು ಹೇಳಿ. ಪರದೆಯ ಆಚೆ ನಡೆದದ್ದನ್ನು ನಿಮಿಷ ನಿಮಿಷವಾಗಿ ಹೇಳಬಲ್ಲವರು ಅವರೇ.